ಹೆಸರಿಲ್ಲದ ತುಂಡು

ಮೇಲಧಿಕಾರಿಯ ಮೇಜಿನ ಮೇಲೆ ಹೊಳೆಯುವ ಬಟ್ಟಲೊಂದು ಕಂಡದ್ದೇ ಎಲ್ಲಕ್ಕೂ ಮೂಲ.

"ಸಂಜೆ ಸಭೇಲಿ ಉತ್ತಮ ಪರೀಕ್ಷಕನಿಗೆ ಕೊಡ್ತಾರಂತೆ. ಅಚ್ಚ ಬೆಳ್ಳಿ," ಎಂದ ಉಗ್ರಾಣದವನು. "ಯಾರಿಗೆ ಅಂತ ಕೇಳ್ಬೇಡ. ಸಾಹೇಬ್ರ ಅಳಿಯ ಇದಾನಲ್ಲ."

ಕೇಳಿದವನು ಕಿಡಿಯಪ್ಪ. ಲೋಹದ ತುಂಡಿಗೆ ಕಿಡಿ ಹೊಡೆದು, ಹೊಮ್ಮುವ ಬೆಳಕಿನ ಬಣ್ಣಗಳಿಂದ ಅದರಲ್ಲಿ ಏನೇನಿದೆ ಎಂದು ಹೇಳುವುದು ಅವನ ಕೆಲಸ. ಪ್ರಯೋಗಾಲಯದ ಬಾಗಿಲಿಗೆ 'ಹೆಸರಿಲ್ಲದ ತುಂಡನ್ನು ಯಾರೂ ಮುಟ್ಟಕೂಡದು' ಎಂದು ಚೀಟಿ ಅಂಟಿಸಿದವನೂ ಅವನೇ. ಹದಿನೆಂಟು ವರ್ಷದಲ್ಲಿ ಒಂದು ವರದಿಯೂ ತಪ್ಪಿಲ್ಲ. ಯಾರಾದರೂ ಒಂದು ಸಲ ಭೇಷ್ ಎಂದಿದ್ದರೆ ಕೇಳಿ. ಅಲ್ಲೇ ಪರೀಕ್ಷಕನಾಗಿರುವ ಮೇಲಧಿಕಾರಿಯ ಅಳಿಯನಿಗೋ ಉಕ್ಕು ಯಾವುದು, ಹಿತ್ತಾಳೆ ಯಾವುದು ಎಂದು ಈಗಲೂ ಅನುಮಾನ.

"ಕತ್ತೆ ಹಾಗೆ ದುಡಿದೋರು ನೀವು. ನೋಡಿದ್ರೆ ನಮಗೇ ಹೊಟ್ಟೆ ಉರಿಯುತ್ತೆ," ಎಂದು ಟೈಪಿಸ್ಟಮ್ಮ ಬೆಂಕಿಗೆ ತುಪ್ಪ ಸುರಿದಳು.

"ಅಚ್ಚ ಬೆಳ್ಳಿಯೋ ಅಲ್ವೋ, ಸಭೇಲೇ ಹೇಳ್ತೀನಿ," ಎಂದ ಕಿಡಿಯಪ್ಪ.

ಮೇಲಧಿಕಾರಿ ಊಟಕ್ಕೆ ಹೋದದ್ದೇ ತಡ, ಬಟ್ಟಲು ಯಂತ್ರದ ಕೋಣೆಗೆ ಬಂತು. ಕಿಡಿಯ ಗುರುತು ಯಾರಿಗೂ ಕಾಣದಿರಲೆಂದು ಕಿಡಿಯಪ್ಪ ದಪ್ಪ ತಳವನ್ನೇ ಆರಿಸಿಕೊಂಡ. ಅಲ್ಲಿ ಏನೋ ಕಾಗದ ಅಂಟಿಸಿತ್ತು. ಮೊದಲು ಮೇಲ್ಮೈ ಉಜ್ಜಿ ಹೊಸ ಲೋಹ ಕಾಣಿಸಬೇಕೆಂಬುದು ಪದ್ಧತಿ. ಉಜ್ಜುವ ಚಕ್ರಕ್ಕೆ ಹಿಡಿದ; ಕಾಗದವೂ ಹೋಯಿತು, ಹೊಳಪೂ ಹೋಯಿತು. ಒಂದು ಕಿಡಿಯನ್ನು ನಂಬಬಾರದೆಂಬುದೂ ಪದ್ಧತಿಯೇ. ಮೂರು ಹೊಡೆದು ಸರಾಸರಿ ತೆಗೆದ. ನೂರಕ್ಕೆ ತೊಂಬತ್ತಾರು ಪಾಲು ಸತು. ಬೆಳ್ಳಿ ಹುಡುಕಿದರೂ ಇಲ್ಲ.

ಸಂಜೆ ಮೇಲಧಿಕಾರಿ ಬಾಯಿ ತೆರೆಯುವ ಮೊದಲೇ ಕಿಡಿಯಪ್ಪ ಎದ್ದು ನಿಂತ.

"ಸರ್, ಇದು ಬೆಳ್ಳಿ ನೀರು ಕುಡಿಸಿದ ಸತು. ವರದಿ ಇಲ್ಲಿದೆ, ನನ್ನ ಸಹಿನೂ ಇದೆ. ಯೋಗ್ಯತೆ ಇಲ್ಲದೋರಿಗೆ ಕೊಡೋಕೆ ಸರಿಯಾಗೇ ಇದೆ."

ಮೇಲಧಿಕಾರಿ ಬಟ್ಟಲನ್ನು ಮಗುಚಿದರು. ಮೂರು ಕಪ್ಪು ಚುಕ್ಕೆಗಳು ಅವರನ್ನೇ ನೋಡಿದವು.

"ಸತು ಅಂತ ಅಂಗಡಿಯವನೇ ಹೇಳಿದ್ದ," ಎಂದರು. "ಇಲ್ಲಿ ಹೆಸರು ಕೆತ್ತಿಸಿದ್ದೆ. ಸಂಜೆವರೆಗೂ ಗುಟ್ಟಾಗಿರಲಿ ಅಂತ ಕಾಗದ ಅಂಟಿಸಿದ್ದೆ."

"ಯಾರ ಹೆಸರು?"

"ಈಗ ಉಜ್ಜಿ ಹಾಕಿದೀಯಲ್ಲಪ್ಪ, ನಿಂದೇ."

ಕಿಡಿಯಪ್ಪ ವರದಿಯನ್ನು ಮಡಚಿ ಜೇಬಿಗಿಟ್ಟು ಕೂತ. ಅಳಿಯನಿಗೇ ಪಾಪ ಎನ್ನಿಸಿತು. "ಪರವಾಗಿಲ್ಲ ಮಾವ, ಹಾಗೇ ಕೊಟ್ಟುಬಿಡಿ," ಎಂದ.

"ಅದು ಹೇಗೆ ಕೊಡೋಕಾಗುತ್ತೆ?" ಎಂದು ಉಗ್ರಾಣದವನು ಎದ್ದ. "ಹೆಸರಿಲ್ಲದ ತುಂಡನ್ನ ಇಲ್ಲಿ ಯಾರೂ ಮುಟ್ಟೋ ಹಾಗಿಲ್ಲ. ಬಾಗಿಲ ಮೇಲೇ ಬರೆದಿದೆ."

ಬಟ್ಟಲು ಉಗ್ರಾಣದ ಕಪಾಟು ಸೇರಿತು. ಕಿಡಿಯಪ್ಪನ ಹತ್ತೊಂಬತ್ತನೆಯ ವರ್ಷ ಮಾರನೆಯ ದಿನ ಎಂದಿನಂತೆ ಒಂಬತ್ತಕ್ಕೆ ಶುರುವಾಯಿತು.