ಐದು ಖಣಕ್ಕೆ ಒಂದು ಖಣ

ಅಳತೆಯ ವಿಷಯದಲ್ಲಿ ನನಗೆ ಟೋಪಿ ಹಾಕುವವನು ಗೋಕಾಕ ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲವೆಂದು ನಾನು ನಂಬಿದ್ದ ಕಾಲವೊಂದಿತ್ತು. ಅದಕ್ಕೆ ಕಾರಣವೂ ಇತ್ತು. ನಾನು ಕನ್ನಡ ಶಾಲೆಯ ಮಾಸ್ತರ. ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ ಎಂದು ದಿನವೂ ಮಕ್ಕಳ ಬಾಯಲ್ಲಿ ಹೇಳಿಸುವವನು. ಯಾರ ಹೊಲದ ಬದುವಿನ ಮೇಲೆ ನಿಂತರೂ ಕಣ್ಣಳತೆಯಲ್ಲೇ ಇಷ್ಟು ಗುಂಟೆ ಎಂದುಬಿಡುತ್ತಿದ್ದೆ. ಹೊಲದ ಒಡೆಯ ಬೇರೆ ಲೆಕ್ಕ ಹೇಳಿದರೆ ಅವನ ಮೇಲೆ ಕನಿಕರ ಪಡುತ್ತಿದ್ದೆ.

ಆದರೆ ನಾನಿದ್ದ ಮನೆಗೆ ಅಳತೆಯ ಅಗತ್ಯವೇ ಇರಲಿಲ್ಲ. ಇದ್ದದ್ದು ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ದೇವರು, ಅದರಲ್ಲೇ ಕುಲಗೋಡದಿಂದ ಬಂದ ನನ್ನ ಅವ್ವ, ಅವ್ವನ ಜೋಳದ ಚೀಲಗಳು. ಬೆಳಗಾದರೆ ಮನೆಪಾಠದ ಹುಡುಗರು ಬಂದು ಅದರಲ್ಲೇ ಕುಳಿತು ಮಗ್ಗಿ ಒದರುತ್ತಿದ್ದರು. ನನ್ನ ಹೆಂಡತಿ ನೀಲವ್ವ ಅವರನ್ನು ದಾಟಿಕೊಂಡು ಹೋಗಿ ರೊಟ್ಟಿ ಬಡಿಯಬೇಕಾಗಿತ್ತು. ಹಬ್ಬಕ್ಕೆಂದು ಹುಕ್ಕೇರಿ ತಾಲೂಕಿನ ಕಣಗಲಾಕ್ಕೆ, ತವರಿಗೆ, ಹೋದವಳು ಹಬ್ಬ ಮುಗಿದರೂ ಬರಲಿಲ್ಲ. ಮುಂದಿನ ಹಬ್ಬವೂ ಬಂತು. ಅವಳು ಬರಲಿಲ್ಲ.

ನಗಬೇಡಿ, ನಾನು ಸೊರಗಿಹೋದೆ. ಕೋಣೆ ಈಗ ಸಾಕಷ್ಟು ದೊಡ್ಡದಾಗಿತ್ತು. ಆ ದೊಡ್ಡತನವೇ ನನಗೆ ಬೇಡವಾಗಿತ್ತು. ಇನ್ನು ಇವಳು ಬರುವುದೇ ಇಲ್ಲವೇನೋ ಎಂದು ಹೆದರಿಕೆಯಾಗಿ, ಒಂದು ದಿನ ಪಾಠ ಹೇಳುತ್ತಾ ಎಕರೆಗೆ ಹದಿನಾರು ಗುಂಟೆ ಎಂದುಬಿಟ್ಟೆ!

ಅಂಥ ಹೊತ್ತಿನಲ್ಲಿ ನೀಲವ್ವನ ಕಾಕಾ ಈರಪ್ಪನವರು ಬೆಲ್ಲದ ಗಾಡಿ ಹೊಡೆದುಕೊಂಡು ಗೋಕಾಕ ಪೇಟೆಗೆ ಬಂದರು. ಶಾಲೆಯ ಬಾಗಿಲಲ್ಲಿ ನಿಂತು ನನ್ನನ್ನು ಹೊರಗೆ ಕರೆದರು.

"ನೀಲವ್ವ ಹೇಳಿ ಕಳಿಸ್ಯಾಳ್ರಿ ಮಾಸ್ತರ. ಐದು ಖಣ ಆದ್ರ ಬರ್ತಾಳಂತ. ಒಂದು ಕಡಿಮಿ ಆದ್ರೂ ಗಾಡಿ ಹತ್ತೂದಿಲ್ಲಂತ."

ಇಷ್ಟೆಯೇ! ನನ್ನ ಕಣ್ಣಲ್ಲಿ ನೀರು ಬಂತು. ಐದು ಖಣಗಳಿಗಾಗಿ ಇಷ್ಟು ದಿನ ಮುನಿದು ಕೂತಳೇ ಹುಚ್ಚಿ! ಸಂಜೆ ಶಾಲೆ ಬಿಟ್ಟವನೇ ಅರಿವೆ ಅಂಗಡಿಗೆ ಓಡಿ, ಅಂಚು ನೋಡಿ, ಬಣ್ಣ ನೋಡಿ, ಕುಬಸಕ್ಕೆ ಹೇಳಿ ಮಾಡಿಸಿದಂಥ ಐದು ಖಣ ಆರಿಸಿದೆ. ಮನೆಯಲ್ಲಿ ಮದುವೆಯೇನು ಎಂದು ಅಂಗಡಿಯವನು ಕೇಳಿದ. ಹೆಚ್ಚುಕಡಿಮೆ ಹಾಗೆಯೇ ಎಂದೆ.

ಜಾಣ ಓದುಗರಿಗೆ ಇಷ್ಟರಲ್ಲೇ ಹೊಳೆದಿರಬೇಕು. ನಮ್ಮ ಕಡೆ ಕುಬಸದ, ಅಂದರೆ ರವಿಕೆಯ, ಬಟ್ಟೆಗೆ ಖಣ ಎನ್ನುವುದು ನಿಜ. ಆದರೆ ಮನೆಯ ಅಳತೆಗೂ ಖಣವೆಂದೇ ಹೆಸರು. ಕಂಬಗಳ ಒಂದು ಸಾಲಿನಿಂದ ಮುಂದಿನ ಸಾಲಿನವರೆಗಿನ ಜಾಗ ಒಂದು ಖಣ. ಮೂರು ಖಣದ ಮನೆ, ಏಳು ಖಣದ ಮನೆ ಎಂದು ಹಸುಗೂಸೂ ಹೇಳುತ್ತದೆ. ಊರಿಗೆಲ್ಲ ಅಳತೆ ಕಲಿಸುವ ಮಾಸ್ತರನಿಗೆ ಮಾತ್ರ ಹೊಳೆಯಲಿಲ್ಲ.

ಸರ್ವೀಸ್ ಮೋಟಾರಿನಲ್ಲಿ ಧೂಳು ಕುಡಿಯುತ್ತಾ ಕಣಗಲಾ ಮುಟ್ಟಿದೆ. ಅತ್ತೆ ಕಾಲಿಗೆ ನೀರು ಕೊಟ್ಟರು. ಮಾವ ಶಿವಲಿಂಗಪ್ಪನವರು ಕಂಬಳಿ ಹಾಸಿ ಕೂರಿಸಿ, ನೇರವಾಗಿ ವಿಷಯಕ್ಕೇ ಬಂದರು.

"ಐದು ಖಣ ಸಿಕ್ಕುವೇನ್ರಿ?"

"ಸಿಕ್ಕುವ್ರಿ ಮಾವಾರ. ಎಲ್ಲಾ ಹೊಸಾವು."

"ಮಳಿ ಬಂದ್ರ ಹೆಂಗ್ರಿ?"

"ಬಣ್ಣ ಬಿಡೂದಿಲ್ಲಂತ ಅಂಗಡ್ಯಾಂವ ಹೇಳ್ಯಾನ್ರಿ."

ಮಾವ ತಲೆದೂಗಿದರು. ಅಂಗಡಿಯವನ ಮನೆ ಇರಬೇಕು, ಸುಣ್ಣಬಣ್ಣ ಹೊಡೆಸಿರಬೇಕು ಎಂದುಕೊಂಡರೋ ಏನೋ.

"ಒಂದು ಆಕಳಾ ಕಟ್ಟಾಕ ಜಾಗಾ ಆಗತೈತೇನ್ರಿ?"

ಈ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಹಿರಿಯರಿಗೆ ಎದುರು ಮಾತಾಡುವುದು ಬೇಡವೆಂದು ಗಂಟು ಬಿಚ್ಚಿ ಅವರ ಮುಂದಿಟ್ಟೆ. ಕೆಂಪು, ಹಸಿರು, ಹಳದಿ, ನೀಲಿ, ಇನ್ನೊಂದು ಕೆಂಪು. ಅತ್ತೆ ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು. ಮಾವ ಹಸಿರು ಖಣವೊಂದನ್ನು ಎತ್ತಿ, ಇದರ ಬಾಗಿಲು ಎಲ್ಲಿದೆ ಎಂದು ಹುಡುಕುವವರಂತೆ ತಿರುಗಿಸಿ ತಿರುಗಿಸಿ ನೋಡಿದರು.

ನೀಲವ್ವ ಒಳಗಿನಿಂದ ಬಂದು ಐದನ್ನೂ ಮಡಚಿ ಎತ್ತಿಕೊಂಡಳು. "ಇವು ಇರ್ಲಿ. ನಾ ಹೇಳಿದ್ದು ತೊಡೂ ಖಣ ಅಲ್ರಿ, ಇರೂ ಖಣ" ಎಂದಳು. ಅವಳು ನಗಲಿಲ್ಲ. ನಕ್ಕಿದ್ದರೆ ನನಗೆ ಸ್ವಲ್ಪ ಧೈರ್ಯ ಬರುತ್ತಿತ್ತು. ಬರಿಗೈಯಲ್ಲಿ ಗೋಕಾಕಕ್ಕೆ ಮರಳಿದೆ. ಮೋಟಾರಿನಲ್ಲಿ ಪಕ್ಕಕ್ಕೆ ಕುಳಿತವರು, ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ವಿಚಾರಿಸಿದರು.

ಇನ್ನು ಮನೆ ಹುಡುಕುವ ಕಾಂಡ. ಎರಡು ಖಣದ ಮನೆಗಳಿದ್ದವು, ಮೂರರವು ಇದ್ದವು. ಐದರ ಮನೆಗಳಲ್ಲಿ ಜನರಿದ್ದರು. ಹುಡುಕಿ ಹುಡುಕಿ ಜೀವ ಸಾಕಾಗಿ ನಿಂತಾಗ, ಹೊಳೆಯ ಕಡೆಯ ಓಣಿಯಲ್ಲಿ ಒಬ್ಬ ಸಾವಕಾರರ ಮನೆ ಖಾಲಿ ಇದೆಯೆಂದು ತಿಳಿಯಿತು. ಹೋದೆ. ಮುಂದೆ ಕಟ್ಟೆ, ಒಳಗೆ ಒಳ್ಳೆಯ ತೇಗದ ಕಂಬಗಳು. ನಾಲ್ಕು ಖಣದ ಮನೆ ಎಂದರು ಸಾವಕಾರರು.

ನಾನು ಒಳಗೆ ಹೋಗಿ ಎಣಿಸಿದೆ. ಈ ಗೋಡೆಗೆ ಹತ್ತಿದ ಸಾಲು ಒಂದು, ಆ ಗೋಡೆಗೆ ಹತ್ತಿದ್ದು ಒಂದು, ನಡುವೆ ಮೂರು. ಒಟ್ಟು ಐದು! ತಮ್ಮ ಮನೆಯ ಅಳತೆ ತಮಗೇ ಗೊತ್ತಿಲ್ಲದ ಜನ ಎಷ್ಟಿಲ್ಲ ಎಂದು ಮರುಗಿ, ಸಾವಕಾರರ ಕೈಹಿಡಿದು ಒಳಗೆ ಕರೆದೊಯ್ದು, ಒಂದೊಂದು ಸಾಲನ್ನೂ ಮುಟ್ಟಿ ಮುಟ್ಟಿ ಎಣಿಸಿ ತೋರಿಸಿದೆ. ಅವರು ನನ್ನನ್ನೂ ಕಂಬವನ್ನೂ ಸರದಿಯಂತೆ ನೋಡಿದರು.

"ಕಲತವರು ನೀವು. ಐದು ಅಂದ್ರ ಐದ ಇರ್ಲಿ ಮಾಸ್ತರ. ಬಾಡಗೀನೂ ಐದರ ಲೆಕ್ಕದಾಗ ಕೊಡ್ರಿ" ಎಂದರು.

ಕೊಡುತ್ತೇನೆಂದೆ. ಸತ್ಯಕ್ಕೆ ಬೆಲೆ ಕೊಡಲೇಬೇಕಲ್ಲ! ಅಷ್ಟಕ್ಕೇ ನಿಲ್ಲದೆ ಟೇಪು ಹಿಡಿದು ಅಳೆದು, ಮನೆ ಗುಂಟೆಯ ಹತ್ತಾಣೆಯಷ್ಟಿದೆ ಎಂದು ಅವ್ವನಿಗೆ ತಿಳಿಸಿದೆ. ಅವ್ವ ಹತ್ತಾಣೆಗೆ ಮನೆ ಸಿಕ್ಕಿತೆಂದು ಓಣಿಗೆಲ್ಲ ಹೇಳಿಬಂದಳು. ಅದೇ ಬಾಡಿಗೆಗೆ ತಮಗೂ ಒಂದು ಮನೆ ಕೊಡಿಸಿರೆಂದು ನಾಲ್ಕಾರು ಜನ ನನ್ನ ಬಾಗಿಲಿಗೆ ಬಂದರು. ಅವರಿಗೆ ಆಣೆಯೆಂಬುದು ಹಣದಲ್ಲೂ ಇದೆ, ನೆಲದಲ್ಲೂ ಇದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು. ಒಂದು ಹೆಸರಿಗೆ ಎರಡು ಅರ್ಥವಿದ್ದರೆ ಕೇಳಿ ತಿಳಿದುಕೊಳ್ಳಬೇಕು ಎಂದು ಅವರಿಗೆ ಬುದ್ಧಿ ಹೇಳಿದವನು ನಾನೇ!

ಕಣಗಲಾಕ್ಕೆ ಸುದ್ದಿ ಹೋಯಿತು. ಮಾವ ತಾವೇ ಗಾಡಿ ಹೊಡೆದುಕೊಂಡು ಮಗಳನ್ನು ಕರೆತಂದರು. ಅವ್ವ ಆರತಿ ಹಿಡಿದು ನಿಂತಿದ್ದಳು. ಸಾವಕಾರರೂ ಬಂದಿದ್ದರು. ನೀಲವ್ವ ಗಾಡಿಯಿಂದಿಳಿದು ಹೊಸ್ತಿಲ ಮೇಲೆ ನಿಂತು ಒಳಗೆ ಒಮ್ಮೆ ಕಣ್ಣಾಡಿಸಿದಳು.

"ನಾಕು" ಎಂದಳು.

ಐದು ಎಂದೆ ನಾನು. ಕಂಬಗಳನ್ನು ಮುಟ್ಟಿ ಎಣಿಸತೊಡಗಿದೆ. ಅವಳು ಹತ್ತಿರ ಬಂದು ಬಲಗೈ ಎತ್ತಿದಳು. ಹೊಡೆದೇಬಿಟ್ಟಳೆಂದು ನಾನು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಕಣ್ಣು ತೆರೆದರೆ ಅಂಗೈ ಹಾಗೆಯೇ ನನ್ನ ಮುಖದ ಮುಂದಿತ್ತು.

"ಬೆರಳ ಎಷ್ಟ ಅದಾವ್ರಿ?"

"ಐದು."

"ನಡುವಿನ ಸಂದಿ?"

ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ಸಾವಕಾರರು ಕೆಮ್ಮಿ ಸೂರು ನೋಡಿದರು. ಹೊರಗೆ ಮಾವ ಎತ್ತು ಬಿಚ್ಚುವುದೋ ಬೇಡವೋ ಎಂದು ನೊಗ ಹಿಡಿದು ನಿಂತಿದ್ದರು. "ಎತ್ತಿನ ಕೊಳ್ಳ ಹರೀಲೇನವಾ, ಇಲ್ಲಾ ಹಿಂದಕ ಹೊಡೀಲಿ?" ಎಂದು ಮಗಳನ್ನು ಕೇಳಿದರು.

ಜೀವನದಲ್ಲಿ ಅಷ್ಟು ಹೆದರಿದ್ದಿಲ್ಲ. ನೀಲವ್ವ ಒಳಗೆ ನಡೆದಳು. ಒಂದೊಂದು ಖಣದಲ್ಲೂ ನಿಂತು ಹಂಚತೊಡಗಿದಳು. ಇದು ಒಲೆಗೆ ಮತ್ತು ದೇವರಿಗೆ, ಇದು ಅತ್ತೆಗೆ, ಇದು ಜೋಳಕ್ಕೆ, ಇದು ಮಲಗಲಿಕ್ಕೆ. ಅಲ್ಲಿಗೆ ಮನೆ ಮುಗಿಯಿತು. ಅವಳು ತಿರುಗಿ ನಿಂತಳು.

"ಐದನೇದ್ದು ನಿಮಗ ಮತ್ತ ನಿಮ್ಮ ಮಗ್ಗೀಗೆ ಅಂದಿದ್ದೆ. ಈಗ ಯಾವದು ಇಲ್ಲೋ ಅದ ನಿಮ್ಮದು" ಎಂದಳು. ಆಮೇಲೆ ಹೊರಗೆ ಬಗ್ಗಿ ತಂದೆಗೆ, "ಕೊಳ್ಳ ಹರೀಪಾ" ಎಂದಳು.

ಎತ್ತುಗಳು ಕೊರಳು ಝಾಡಿಸಿದ ಗಂಟೆಯ ಸದ್ದಿಗೆ ನನಗೆ ಅಳುವೇ ಬಂತು. ನನಗೆ ಜಾಗವಿಲ್ಲದಿದ್ದರೇನು, ಮನೆಗೆ ಅವಳು ಬಂದಿದ್ದಳು.

ಮಾರನೆಯ ದಿನದಿಂದ ಪಾಠ ಹೊರಗಿನ ಕಟ್ಟೆಯ ಮೇಲೆ. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಎರಡು ದಿನ ನೋಡಿ ನೀಲವ್ವನಿಗೆ ಕನಿಕರ ಬಂತು. ಕಣಗಲಾದಿಂದ ತಂದ ಗಂಟು ಬಿಚ್ಚಿ, ಆ ಐದೂ ಖಣಗಳನ್ನು ಜೋಡಿಸಿ ಹೊಲಿದು ಒಂದು ಪರದೆ ಮಾಡಿ ಕಟ್ಟೆಗೆ ಕಟ್ಟಿದಳು. ಬಣ್ಣ ಬಿಡುವುದಿಲ್ಲವೆಂದ ಅಂಗಡಿಯವನ ಮಾತು ಮೊದಲ ಮಳೆಗೇ ಸುಳ್ಳಾಯಿತು. ನೀರಿಗೆ ಹೋಗುವ ಹೆಂಗಸರು ಪರದೆಯ ಮುಂದೆ ನಿಂತು, ಮಾಸ್ತರು ಕುಬಸದೊಳಗೆ ಅದಾರೇನು ಎಂದು ಕೇಳಿ ಹೋಗುತ್ತಿದ್ದರು.

ತಿಂಗಳ ಕೊನೆಗೆ ಧೈರ್ಯ ಮಾಡಿ ಸಾವಕಾರರನ್ನು ಕಂಡೆ. ಎಣಿಕೆಯಲ್ಲಿ ಸಣ್ಣದೊಂದು ವ್ಯತ್ಯಾಸವಾಗಿತ್ತು, ಮನೆ ನಾಲ್ಕೇ ಖಣ, ಬಾಡಿಗೆಯನ್ನೂ ಹಾಗೆಯೇ ತಿದ್ದಬೇಕೆಂದು ವಿನಂತಿಸಿಕೊಂಡೆ. ಅವರು ನನ್ನ ಜೊತೆಗೇ ಬಂದು, ಕಟ್ಟೆಯ ಮುಂದೆ ನಿಂತು, ಗಾಳಿಗೆ ಉಬ್ಬಿದ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು.

"ಅವತ್ತ ನಾಕ ಇದ್ದುವ್ರಿ ಮಾಸ್ತರ. ಈಗ ನೀವು ಅಂದಂಗ ಐದ ಆಗ್ಯಾವಲ್ಲ" ಎಂದರು.

ಲೆಕ್ಕ ಸರಿಯಾಗಿಯೇ ಇತ್ತು. ಬಾಡಿಗೆ ಕೊಟ್ಟು, ಪರದೆ ಸರಿಸಿ, ನನ್ನ ಖಣದೊಳಗೆ ಹೋಗಿ ಕುಳಿತೆ.