ಪುಕ್ಕಟೆ ರಾಗಕ್ಕೆ ಮೂರು ಷರತ್ತು

ಪುಕ್ಕಟೆ ಎಂಬ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಬೆಳಗಾವಿಯ ಪೇಟೆಯಲ್ಲಿ ಕೊತ್ತಂಬರಿ ಕೊಂಡು, ಮೇಲೆ ಎರಡು ಎಸಳು ಕರಿಬೇವು ಇಸಿದುಕೊಳ್ಳದೆ ಮನೆಗೆ ಬಂದವನೇ ಅಲ್ಲ ನಾನು. ಹಾಡುಗಳ ವಿಷಯದಲ್ಲೂ ಇದೇ ಧೋರಣೆ: ಮೊಬೈಲಿನಲ್ಲಿ ಕೇಳಿಸುವುದೆಲ್ಲ ಊರ ಸ್ವತ್ತು. ಈ ನಂಬಿಕೆಯಿಂದಲೇ ಹೋದ ವರ್ಷ ಭಾವಮೈದುನನ ವಾಸ್ತುಶಾಂತಿಯ ವಿಡಿಯೋಕ್ಕೆ ಒಂದು ಸಿನಿಮಾ ಹಾಡು ಅಂಟಿಸಿ ಅಂತರ್ಜಾಲಕ್ಕೆ ಏರಿಸಿದೆ. ಹಾಡಿನ ಹಕ್ಕು ಬೇರೆಯವರದೆಂದು ಆ ತಾಣ ಇಡೀ ಧ್ವನಿಯನ್ನೇ ಕಿತ್ತುಹಾಕಿತು. ಭಟ್ಟರು ಬಾಯಿ ತೆರೆದು ಮುಚ್ಚುತ್ತಾರೆ, ಗಂಟೆ ಅಲ್ಲಾಡುತ್ತದೆ, ಸದ್ದೇ ಇಲ್ಲ! ಬೀಗರು ಅದನ್ನು ಇವತ್ತಿಗೂ ‘ಮೂಕ ವಾಸ್ತುಶಾಂತಿ’ ಎಂದೇ ಕರೆಯುತ್ತಾರೆ.

ಈ ವರ್ಷ ನನ್ನ ಹೆಂಡತಿ ಸುನಂದಾ ನಿವೃತ್ತಳಾದಳು. ಮೂವತ್ತು ವರ್ಷ ದಿನವೂ ಬೆಳಗಾವಿಯಿಂದ ಬಸ್ಸು ಹಿಡಿದು ಖಾನಾಪುರದ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸಿದವಳು. ಬೀಳ್ಕೊಡುಗೆಗೆ ಒಂದು ವಿಡಿಯೋ ಬೇಕು, ಪುಣೆ, ಗೋವಾದಲ್ಲಿರುವ ಹಳೆಯ ವಿದ್ಯಾರ್ಥಿಗಳೂ ನೋಡುವಂತಿರಲಿ ಎಂದು ಅವಳ ಸಹಶಿಕ್ಷಕಿ ರತ್ನಾ ನನಗೆ ಫೋನು ಮಾಡಿದರು. ನಾನು ಎದೆ ಉಬ್ಬಿಸಿ ಒಪ್ಪಿಕೊಂಡೆ. ಸುನಂದಾ ಮೆಂತ್ಯೆಸೊಪ್ಪು ಬಿಡಿಸುತ್ತಾ ಅಂದಳು: “ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಮೂವತ್ತು ವರ್ಷನೂ ಮೂಕ ಮಾಡಬ್ಯಾಡ್ರಿ.” ನಕ್ಕೇ ಅಂದಳು, ಆದರೂ ನನಗೆ ಚುರ್ ಎಂದಿತು.

ಸರಿ, ಯಾರ ತಕರಾರೂ ಇಲ್ಲದ, ಮುಕ್ತ ಪರವಾನಗಿಯ ಸಂಗೀತ ಹುಡುಕತೊಡಗಿದೆ. ಅಂಥ ತಾಣಗಳಲ್ಲಿ ರಾಗ, ತಾಳ ಯಾರೂ ಕೇಳುವುದಿಲ್ಲ, ಮನಸ್ಸಿನ ಸ್ಥಿತಿ ಕೇಳುತ್ತಾರೆ. ‘ಸ್ಫೂರ್ತಿ’ ಒತ್ತಿದರೆ ಸಿಮೆಂಟಿನ ಜಾಹೀರಾತು ಬಂದಂತಾಯಿತು. ‘ನೆಮ್ಮದಿ’ ಒತ್ತಿ ಕೇಳುತ್ತಾ ಕುರ್ಚಿಯಲ್ಲೇ ನಿದ್ದೆ ಹೋದೆ. ಕಡೆಗೊಂದು ಕೊಳಲು ಹಿಡಿಸಿತು ಅನ್ನುವಷ್ಟರಲ್ಲಿ ಕೆಳಗೆ ಷರತ್ತುಗಳು: ಹೆಸರು ಹಾಕಬೇಕು, ಕತ್ತರಿಸಬಾರದು, ವ್ಯಾಪಾರಕ್ಕೆ ಬಳಸಬಾರದು. ಅಯ್ಯೋ ಶಿವನೇ, ಪುಕ್ಕಟೆಗೂ ಇಷ್ಟೊಂದು ಕಟ್ಟಳೆಯೇ! ಆದರೆ ಓದುತ್ತಾ ಹೋದಂತೆ ನನಗೆ ಜ್ಞಾನೋದಯವಾಯಿತು. ಮಾಡಿದವನು ದುಡ್ಡಿನ ಬದಲು ಮೊದಲು ಕೇಳುವುದು ತನ್ನ ಹೆಸರನ್ನೇ ತಾನೆ? ಆಮೇಲೆ ನಾನು ಯಾರಿಗೂ ಸಹಿಸಲಾಗದ ಮನುಷ್ಯನಾದೆ. ಕಚೇರಿಯಲ್ಲಿ ಯಾರಾದರೂ ಶುಭೋದಯದ ಹೂವಿನ ಚಿತ್ರ ಕಳಿಸಿದರೆ, “ತೆಗೆದವರ ಹೆಸರೆಲ್ಲಿ?” ಎಂದು ಹಿಡಿದು ಕೂರಿಸಿ ಉಪದೇಶ ಮಾಡಿದೆ. ವಾರದೊಳಗೆ ಗೆಳೆಯರು ಚಹಾಕ್ಕೆ ಬೇರೆ ಅಂಗಡಿ ನೋಡಿಕೊಂಡರು.

ಸಮಾರಂಭಕ್ಕೆ ಎರಡು ದಿನ ಮೊದಲು ರತ್ನಾ ಟೀಚರಿಗೆ ವಿಡಿಯೋ ಕಳಿಸಿದೆ. “ಚಲೋ ಐತ್ರಿ ಸರ. ಆದ್ರ ಕೊಳಲು ಕೇಳಿದ್ರ ಹಲ್ಲಿನ ಡಾಕ್ಟರ್ ಕಡೆ ಪಾಳಿ ಹಚ್ಚಿ ಕುಂತಂಗ ಅನಸ್ತೈತಿ. ನಮ್ಮ ಸಾಲಿ ಮಕ್ಕಳ ಮಗ್ಗಿ ಹಾಕ್ರಲಾ!” ಎಂದು ಒಂದು ಧ್ವನಿಮುದ್ರಣ ಕಳಿಸಿದರು. ಮನೆಯಲ್ಲಿ ಮರಾಠಿ ಆಡುವ ಮಕ್ಕಳು ಎರಡರ ಮಗ್ಗಿಯನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ರಾಗವಾಗಿ ಹೇಳುತ್ತಿದ್ದರು: “ಎರಡೊಂದ್ಲೆ ಎರಡು, ಬೇ ಏಕೇ ಬೇ, ಎರಡೆರಡ್ಲೆ ನಾಕು, ಬೇ ದುಣೇ ಚಾರ.” ಕೇಳಿ ಖುಷಿಯಾಗಿಬಿಟ್ಟೆ. ಕೊಳಲನ್ನು ಷರತ್ತಿನಂತೆ ಕತ್ತರಿಸದೆ ಆರಂಭಕ್ಕಷ್ಟೇ ಉಳಿಸಿಕೊಂಡು, ಉಳಿದುದಕ್ಕೆಲ್ಲ ಮಗ್ಗಿ ಹಾಕಿದೆ. ಕೊನೆಯಲ್ಲಿ ಋಣಸ್ಮರಣೆ: ಕೊಳಲಿನವನ ಪೂರ್ತಿ ಹೆಸರು, ಅವನ ದೇಶ, ಪರವಾನಗಿಯ ವಿವರ. ಅದರ ಕೆಳಗೆ, ‘ಗಾಯನ: ಎರಡನೆಯ ತರಗತಿಯ ಮಕ್ಕಳು. ರಾಗ: ಸಾಂಪ್ರದಾಯಿಕ.’

ಖಾನಾಪುರದಲ್ಲಿ ವಿಡಿಯೋ ಶುರುವಾಯಿತು. ಧ್ವನಿ ಬಂತು! ಮಗ್ಗಿ ಬಂದಾಗ ಸಭೆಯಲ್ಲಿದ್ದ ಮಕ್ಕಳೂ, ಅವರನ್ನು ಕರೆತಂದಿದ್ದ ತಾಯಂದಿರೂ ದನಿಗೂಡಿಸಿದರು. ಸುನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಕೊನೆಯ ಸಾಲು ಪರದೆಯ ಮೇಲೆ ಬಂತು. ಶಿಕ್ಷಕರ ಸಾಲಿನಿಂದ ದೊಡ್ಡ ನಗು.

“ಸರ, ಅದು ನಮ್ಮ ಸುನಂದಾ ಅಕ್ಕೋರು ಕಟ್ಟಿದ್ದರೀ!” ರತ್ನಾ ಟೀಚರ್ ಕೂಗಿದರು. “ಹೊಸದಾಗಿ ಬಂದಾಗ ಮಕ್ಕಳಿಗೆ ಕನ್ನಡ ತಿಳೀವಲ್ದು ಅಂತ ಬಸ್ಸಿನ್ಯಾಗ ಕುಂತು ಕಟ್ಯಾರ. ನಿಮಗ ಖರೇನ ಗೊತ್ತಿಲ್ಲೇನ್ರಿ?”

ಸುನಂದಾ ನನ್ನತ್ತ ತಿರುಗಿ ಕೇಳಿದಳು: “ನಾನು ಯಾವಾಗ ಸಾಂಪ್ರದಾಯಿಕ ಆದ್ನಿರೀ?”

ಆಗ ನೆನಪಾಯಿತು. ಅವಳು ರೊಟ್ಟಿ ಬಡಿಯುವಾಗ ಗುನುಗುತ್ತಿದ್ದದ್ದು ಇದೇ ರಾಗ. ಯಾವುದೋ ಭಜನೆಯಿರಬೇಕೆಂದು ಪೇಪರಿನಿಂದ ತಲೆಯೆತ್ತದೆ, “ಸ್ವಲ್ಪ ಸಣ್ಣಗೆ” ಅಂದಿದ್ದೆ. ಒಂದು ಸಲವಲ್ಲ, ವರ್ಷಾನುಗಟ್ಟಲೆ ಅಂದಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ, ಅವಳ ಸನ್ಮಾನದ ಹಾರ ನನ್ನ ತೊಡೆಯ ಮೇಲಿಟ್ಟುಕೊಂಡು, ತಗ್ಗಿದ ದನಿಯಲ್ಲಿ ಅವಳ ರಾಗಕ್ಕೆ ಪರವಾನಗಿ ಕೇಳಿದೆ. ಅವಳು ಕಿಟಕಿಯಾಚೆ ನೋಡುತ್ತಾ ಬೆರಳು ಮಡಚಿದಳು. “ಒಂದು, ಹೆಸರು ಹಾಕಬೇಕು. ಎರಡು, ನಡುವ ಕತ್ತರಿ ಆಡಿಸಂಗಿಲ್ಲ. ಮೂರು, ನಾನು ರೊಟ್ಟಿ ಬಡಿಯೂ ಮುಂದ ಸಣ್ಣಗ ಅನ್ನಂಗಿಲ್ಲ.” ಮೂರಕ್ಕೂ ಒಪ್ಪಿ, ಹೆಸರು ಸೇರಿಸಿಯೇ ವಿಡಿಯೋ ಏರಿಸಿದೆ.

ಇಷ್ಟು ಬರೆದ ಮೇಲೆ ಒಂದು ಸತ್ಯ ಹೇಳಲೇಬೇಕು. ಇದನ್ನು ಓದುತ್ತಾ ನಿಮಗೆಲ್ಲಿಯಾದರೂ ನಗು ಬಂದಿದ್ದರೆ, ಅಲ್ಲಿ ಮಾತಾಡಿದವಳು ಬಹುತೇಕ ಸುನಂದಾ. ಅದಕ್ಕೆ ಪರವಾನಗಿಯನ್ನು ನಾನಿನ್ನೂ ಕೇಳಿಲ್ಲ. ಅಡುಗೆಮನೆಯಲ್ಲಿ ಮಗ್ಗಿ ಜೋರಾಗಿ ನಡೆದಿದೆ, ಈಗ ಹೋಗಿ ಕೇಳುವ ಧೈರ್ಯ ನನಗಿಲ್ಲ.