ಟ್ಯಾಂಕ್ ತೊಳೆಯುವ ಯಜಮಾನರು

ಮೂರಂತಸ್ತಿನ ಆ ಕಟ್ಟಡದ ನಿಯಮಗಳ ಬೋರ್ಡಿನಲ್ಲಿ ಒಂದೇ ಒಂದು ಸಾಲು ವಾಚ್ ರಿಪೇರಿಯವನ ನಿದ್ದೆ ಕೆಡಿಸಿತ್ತು: 'ಸರದಿ ಬಂದ ಮನೆಯ ಯಜಮಾನರು ಭಾನುವಾರ ನೀರಿನ ಟ್ಯಾಂಕ್ ತೊಳೆಯತಕ್ಕದ್ದು.' ಟ್ಯಾಂಕ್ ಇದ್ದದ್ದು ತಾರಸಿಯ ಮೇಲೆ ಎತ್ತರದ ಕಂಬಗಳ ತಲೆಯಲ್ಲಿ. ಹತ್ತಲು ಒಂದು ಬೋಳು ಕಬ್ಬಿಣದ ಏಣಿ. ಇವನಿಗೋ ಸ್ಟೂಲ್ ಹತ್ತಿದರೂ ಕಾಲು ನಡುಗುತ್ತಿತ್ತು. ಹೊಸದಾಗಿ ಬಾಡಿಗೆಗೆ ಬಂದವನು. ಮೊದಲ ಸರದಿಯಲ್ಲೇ ನಗೆಪಾಟಲಾದರೆ ತಲೆಯೆತ್ತಿ ಓಡಾಡುವುದು ಹೇಗೆ?

ಅವನ ಹೆಂಡತಿಗೆ ಏಣಿಯೆಂದರೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಅವನ ಸರದಿಯ ಭಾನುವಾರ ಬೆಳಿಗ್ಗೆ ನಡೆದ ನಿವಾಸಿಗಳ ಸಂಘದ ಸಭೆಯಲ್ಲಿ ಅವನಿಗೆ ಇದ್ದಕ್ಕಿದ್ದಂತೆ ಸಮಾನತೆಯ ಮೇಲೆ ಪ್ರೀತಿ ಉಕ್ಕಿತು.

"ಯಜಮಾನರು ಅಂದ್ರೆ ಬರೀ ಗಂಡಸರು ಅಂದ ಹಾಗಾಗುತ್ತೆ. 'ಮನೆಯವರೊಬ್ಬರು' ಅಂತ ಬದಲಾಯಿಸೋಣ," ಎಂದ.

ಸಂಘದ ಅಧ್ಯಕ್ಷರಾಗಿದ್ದ ನರ್ಸ್ ಮೆಚ್ಚಿ ತಲೆಯಾಡಿಸಿದರು. ಎದುರುಮನೆಯ ವಕೀಲರು ಮಾತ್ರ ಬಿಸಿ ಕಾವಲಿಯ ಮೇಲೆ ಕೂತವರಂತೆ ಎದ್ದರು. ಇದು ಎಷ್ಟೋ ಕಾಲದಿಂದ ಇರುವ ಪದ, ಅದರಲ್ಲಿ ಹೆಂಗಸರೂ ಸೇರಿಯೇ ಇದ್ದಾರೆ, ಇವತ್ತು ಪದ ಹೋದರೆ ನಾಳೆ ಮನೆಯ ಮರ್ಯಾದೆಯೇ ಹೋಗುತ್ತದೆ ಎಂದು ವಾದಿಸಿದರು. ಕೆಳಗಿನ ಮನೆಯ ಬೇಕರಿಯವರೂ ಹೌದೌದೆಂದರು. ಇಬ್ಬರೂ ತಮ್ಮ ಸರದಿಯಲ್ಲಿ ಒಬ್ಬೊಬ್ಬರೇ ತಾರಸಿಗೆ ಹೋಗಿ, ನೆತ್ತಿಯಿಂದ ಪಾದದವರೆಗೆ ತೊಯ್ದು ಇಳಿದುಬಂದ ಶೂರರು.

"ನಾವೂ ಸೇರಿದ್ರೆ ಇಷ್ಟು ದಿನ ನಮ್ಮನ್ಯಾಕೆ ಕರೀಲಿಲ್ಲ?" ಎಂದು ವಕೀಲರ ಹೆಂಡತಿಯೇ ಕೇಳಿದರು. ಕೈಯೆತ್ತಿ ಮತ ಹಾಕಿದ್ದಾಯಿತು, ಪದ ಬದಲಾಯಿತು. ವಾಚ್ ರಿಪೇರಿಯವನಿಗೆ ಹೋದ ಜೀವ ಬಂದಂತಾಯಿತು.

ಅವನ ಹೆಂಡತಿ ಸೆರಗು ಬಿಗಿದು ಸರಸರ ಏಣಿ ಹತ್ತಿದಳು. ಎಲ್ಲರೂ ತಾರಸಿಯಲ್ಲಿ ನಿಂತು ನೋಡಿದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವಳ ದನಿ ಬಂತು.

"ಮುಚ್ಚಳ ತುಕ್ಕು ಹಿಡಿದು ಅಂಟ್ಕೊಂಡಿದೆ. ಇದನ್ನ ಯಾರೂ ತೆಗೆದೇ ಇಲ್ಲ. ಏಣಿ ತುಂಬಾ ಜೇಡರ ಬಲೆ."

ಮತ್ತೆ ಅಷ್ಟೊಂದು ನೆನೆದು ಬರುತ್ತಿದ್ದದ್ದು ಹೇಗೆ ಎಂದು ನರ್ಸ್ ಕೇಳಿದರು. ವಕೀಲರು ನೆಲ ನೋಡಿದರು.

"ತಾರಸಿ ನಲ್ಲಿಯಲ್ಲಿ ಬಕೆಟ್ ತುಂಬಿಸಿ ಮೈಮೇಲೆ ಸುರ್ಕೊಳ್ತಿದ್ದೆ. ಆ ಏಣಿ ನೋಡಿದ್ರೆ ಎದೆ ಝಲ್ ಅನ್ನುತ್ತೆ."

"ಅಯ್ಯೋ, ನೀವೂನಾ?" ಎಂದರು ಬೇಕರಿಯವರು.

ವಾಚ್ ರಿಪೇರಿಯವನಿಗೆ ಇಬ್ಬರನ್ನೂ ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ತಡೆಯಲಾರದೆ ತನ್ನ ಭಯವನ್ನೂ ಅಲ್ಲೇ ಒಪ್ಪಿಕೊಂಡುಬಿಟ್ಟ. ಹೆಂಗಸರು ಮಾತ್ರ ನಗಲಿಲ್ಲ. ಇಷ್ಟು ವರ್ಷ ಕುಡಿದ ನೀರು ಅವರ ಕಣ್ಣ ಮುಂದೆ ಬಂದಿತ್ತು.

ಹೆಂಡತಿ ಮುಚ್ಚಳ ಸಡಿಲಿಸಿ ಇಳಿದುಬಂದು ಬ್ರಷ್ಷನ್ನು ಅವನ ಕೈಗಿಟ್ಟಳು.

"ರೀ, ಬೋರ್ಡಲ್ಲಿರೋದು ಮನೆಯವರೊಬ್ಬರು ಅಂತ ತಾನೆ? ಆ ಒಬ್ಬರು ಯಾರು ಅಂತ ನಾವೂ ಹೇಳಬಹುದಲ್ಲ. ಇವತ್ತು ನೀವು. ಆಮೇಲೆ ವಕೀಲರು, ಬೇಕರಿಯವರು."

ಬೇರೆ ದಾರಿಯೇ ಇರಲಿಲ್ಲ. ಅವನು ಕಣ್ಣು ಮುಚ್ಚಿ ಎರಡು ಮೆಟ್ಟಿಲು ಹತ್ತಿದ. ಕೆಳಗೆ ವಕೀಲರೂ ಬೇಕರಿಯವರೂ ಏಣಿಯನ್ನು ಭದ್ರವಾಗಿ ಹಿಡಿದಿದ್ದರು. ಆದರೂ ಏಣಿ ಗಡಗಡ ಎನ್ನುತ್ತಿತ್ತು.

"ಯಾಕ್ರೀ ಅಲ್ಲಾಡಿಸ್ತೀರಿ?"

"ಅಲ್ಲಾಡಿಸ್ತಿಲ್ಲ ಮಾರಾಯರೇ, ನಡುಗ್ತಿದೀವಿ," ಎಂದರು ವಕೀಲರು.

ಎಷ್ಟೋ ದಿನಗಳ ಮೇಲೆ ಅವನ ಮನಸ್ಸು ಹಗುರಾಯಿತು. ಮೂರನೆಯ ಮೆಟ್ಟಿಲಿಗೆ ಕಾಲಿಟ್ಟ.